ನೂರಕ್ಕೆ ತೊಂಬತ್ನಾಲ್ಕರ ಸ್ವಭಾವ

ಸಾಲಿ ಮಾಸ್ತರನಾದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ. ಮೂವತ್ತು ವರ್ಷ ಇನ್ನೊಬ್ಬರ ತಪ್ಪಿನ ಮೇಲೆ ಕೆಂಪು ಶಾಯಿ ಎಳೆದವನು ನಾನು. ಒಂದೇ ಒಂದು ಸಲ ನನಗೆ ನಾನೇ ಮಾರ್ಕು ಹಾಕಿಕೊಳ್ಳುವ ಪಾಳಿ ಬಂತು. ಹಾಕಿಕೊಂಡೆ. ನೂರಕ್ಕೆ ತೊಂಬತ್ನಾಲ್ಕು. ಅದರ ಬಗ್ಗೆ ನನಗೆ ಇವತ್ತಿಗೂ ಅಭಿಮಾನವಿದೆ. ಆ ಮಾರ್ಕು ಹೇಗೆ ಬಂತು, ಬಂದದ್ದು ಹೇಗೆ ಉಳಿಯಿತು ಎಂಬುದನ್ನು ಪೂರ್ತಿ ಕೇಳಿದರೆ ನೀವೂ ಒಪ್ಪುತ್ತೀರಿ.

೧. ಸರಿಯೂ ಇಲ್ಲ, ತಪ್ಪೂ ಇಲ್ಲ

ಕನ್ನಡ ನಾಡು ಒಂದಾದ ಮರುವರ್ಷದ ಮಾತು. ನಾನಾಗ ಗಜೇಂದ್ರಗಡದಲ್ಲಿ ಮನೆ ಮಾಡಿಕೊಂಡು ದಿನಾಲು ಸೈಕಲ್ ಮೇಲೆ ಮುಶಿಗೇರಿಯ ಸಾಲೆಗೆ ಹೋಗಿಬರುತ್ತಿದ್ದೆ. ಇಬ್ಬರೇ ಮಾಸ್ತರರ ಸಾಲೆ. ಹೆಡ್ ಮಾಸ್ತರರು ಆ ವರ್ಷ ನಿವೃತ್ತರಾಗುವವರಿದ್ದರು. ಅವರ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು. ಇದು ಬರೀ ಮಾತಿಗೆ ಹೇಳಿದ್ದಲ್ಲ. ಆ ಸಾಲೆಯಲ್ಲಿ ಇದ್ದದ್ದೇ ಒಂದು ಕುರ್ಚಿ. ಹನ್ನೊಂದು ವರ್ಷ ನಾನು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಕಲಿಸಿದ್ದೆ. ಬೇಸಿಗೆಯಲ್ಲಿ ಬೆನ್ನು ಸುಡುತ್ತಿತ್ತು, ಮಳೆಗಾಲದಲ್ಲಿ ಬೆನ್ನು ತೋಯುತ್ತಿತ್ತು. ಒಂದು ದಿನವಾದರೂ ಬೆನ್ನು ಆನಿಸಿ ಕುಳಿತು ಪಾಠ ಹೇಳಬೇಕೆಂಬುದು ನನ್ನ ಜೀವನದ ಆಸೆಯಾಗಿತ್ತು.

ಅಷ್ಟರಲ್ಲಿ ನರಗುಂದದಲ್ಲಿ ಮಾಸ್ತರರಿಗೆಂದು ಎಂಟು ದಿನದ ತರಬೇತಿ ಶಿಬಿರ ಆಯಿತು. ನಲವತ್ತೆರಡು ಮಂದಿ ಸೇರಿದ್ದೆವು. ಅವರಲ್ಲಿ ಒಬ್ಬರು ಮಾತ್ರ ಅಕ್ಕೋರು. ಕಲಿಸುವ ಹೆಣ್ಣುಮಕ್ಕಳಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ತರಬೇತಿ ಕೊಡಲು ಬಂದವರು ಮೈಸೂರಿನವರು. ಭಾಳ ಮೆತ್ತಗಿನ ಮನುಷ್ಯ. ಅವರು ಬೈದರೂ ನಮಗೆ ಊಟಕ್ಕೆ ಕರೆದಂತೆ ಕೇಳುತ್ತಿತ್ತು.

ಎರಡನೆಯ ದಿನ ಅವರು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಮೇಲೆ ‘ನಿಮ್ಮ ಸ್ವಭಾವವನ್ನು ನೀವೇ ಅಳೆಯಿರಿ’ ಎಂದಿತ್ತು. ಕೆಳಗೆ ತಾಳ್ಮೆ, ಧೈರ್ಯ, ನೆನಪು, ಸತ್ಯ ಎಂದು ಶುರುವಾಗಿ ವಿನಯದವರೆಗೆ ಹತ್ತು ಬಾಬುಗಳು. ಒಂದೊಂದಕ್ಕೆ ಹತ್ತು ಮಾರ್ಕು. ಮಾರ್ಕು ನಾವೇ ಹಾಕಿಕೊಂಡು, ಪಕ್ಕದಲ್ಲಿ ನಮ್ಮ ಬಾಳಿನಿಂದ ಒಂದು ಉದಾಹರಣೆ ಬರೆಯಬೇಕು.

“ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಏನೂ ಇಲ್ಲ. ಮನಸ್ಸಿಗೆ ಬಂದದ್ದು ಬರೀರಿ” ಎಂದರು.

ನಲವತ್ತೆರಡು ಮಾಸ್ತರರ ಮುಖ ಒಂದೇ ಸಲ ಬಾಡಿತು. ಸರಿ ಉತ್ತರ ಇಲ್ಲದ ಪರೀಕ್ಷೆಯನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ರೋಣದ ಹಿರಿಯ ಮಾಸ್ತರರೊಬ್ಬರು ಎದ್ದು ನಿಂತು, “ಹಂಗಾರ ನಾಪಾಸ ಯಾರನ್ನ ಮಾಡ್ತೀರ್ರಿ?” ಎಂದು ಕೇಳಿದರು.

“ಯಾರನ್ನೂ ಇಲ್ಲ.”

“ಈ ಹಾಳಿ ಯಾರ ಕಡೆ ಹೋಗ್ತಾವ್ರಿ?”

“ಶಾಲೆ ತಪಾಸಣೆ ಮಾಡೋ ನಿಮ್ಮ ಡೆಪ್ಯುಟಿ ಸಾಹೇಬರು ಒಂದು ಸಲ ನೋಡ್ತಾರೆ, ಅಷ್ಟೇ. ಹೆಡ್ ಮಾಸ್ತರ ಜಾಗ ತುಂಬೋವಾಗ ಅನುಕೂಲ ಆಗತ್ತಂತೆ.”

ಹಿರಿಯ ಮಾಸ್ತರರು ಕುಳಿತುಕೊಳ್ಳುತ್ತ ನಮ್ಮ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು: “ಸಾಹೇಬ್ರು ನೋಡ್ತಾರಂತ, ಸರಿ ಉತ್ತರ ಇಲ್ಲಂತ! ನಮ್ಮನ್ನೇನ ಒಂದನೇ ಇಯತ್ತೆಯವರಂತ ತಿಳಕೊಂಡಾರೇನು ಇವ್ರು?”

೨. ತಾಳ್ಮೆ: ಹತ್ತಕ್ಕೆ ಹತ್ತು

ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ. ಶಾಯಿಯಲ್ಲಿ ಟಾಕು ಅದ್ದಿ ಎಲ್ಲರಿಗಿಂತ ಮೊದಲು ಬರೆಯತೊಡಗಿದವನು ನಾನೇ. ತಾಳ್ಮೆಯ ಮುಂದೆ ಹತ್ತು ಎಂದು ಬರೆದು ಉದಾಹರಣೆ ಕೊಟ್ಟೆ: ‘ದಿನಾಲು ಮುಂಜಾನೆ ಗಡ್ಡ ಬೋಳಿಸಿಕೊಳ್ಳುವಾಗ ಎಷ್ಟೇ ಅಡಚಣೆ ಬಂದರೂ ನಾನು ತಾಳ್ಮೆ ಕಳೆದುಕೊಳ್ಳುವುದಿಲ್ಲ.’

ಇದು ಸಣ್ಣ ಮಾತಲ್ಲ. ಗಜೇಂದ್ರಗಡದ ನಮ್ಮ ಮನೆಗೂ ಪಕ್ಕದ ನೇಕಾರರ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಆ ಕಡೆ ಅವರ ಮಗ್ಗ, ಈ ಕಡೆ ನನ್ನ ಕನ್ನಡಿ. ಅವರು ಒಂದು ಏಟು ಬಡಿದರೆ ಕನ್ನಡಿಯಲ್ಲಿ ನನಗೆ ಎರಡು ಮೂಗು. ಎರಡು ಏಟಿನ ನಡುವೆ ಎಷ್ಟು ಹೊತ್ತು ಸಿಗುತ್ತದೋ ಅಷ್ಟರಲ್ಲಿ ಒಂದು ಸಲ ಕತ್ತಿ ಎಳೆಯಬೇಕು, ಎತ್ತಬೇಕು, ಏಟು ಬೀಳಲು ಕಾಯಬೇಕು, ಮತ್ತೆ ಎಳೆಯಬೇಕು. ಆರು ವರ್ಷ ಹೀಗೆ ಮಗ್ಗದ ತಾಳಕ್ಕೆ ಗಡ್ಡ ಬೋಳಿಸಿಕೊಂಡವನು ಇಡೀ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಒಂದು ದಿನ ಮಾತ್ರ ಹೀಗಾಯಿತು. ಕತ್ತಿ ಮೂಗಿನ ಕೆಳಗೆ ಇದೆ. ಏಟು ಬೀಳಲೆಂದು ಕಾಯುತ್ತಿದ್ದೇನೆ. ಬೀಳಲಿಲ್ಲ. ಬೇರೆಯವರಾಗಿದ್ದರೆ ಬೇಸತ್ತು ಎಳೆದುಬಿಡುತ್ತಿದ್ದರು. ನಾನು ಕಾದೆ. ಸಾಬೂನು ಒಣಗಿತು. ಆದರೂ ಕಾದೆ. ಏನಾಯಿತೆಂದು ಗೋಡೆಗೆ ಕಿವಿಯಿಡಲು ಒಂದಿಷ್ಟು ಬಗ್ಗಿದೆ. ಅದೇ ಗಳಿಗೆಗೆ ಆ ಕಡೆಯಿಂದ ಎಂಥ ಏಟು ಬಿತ್ತೆಂದರೆ, ನನ್ನ ಎಡಗಡೆಯ ಮೀಸೆ ಸಾಬೂನಿನ ಬಟ್ಟಲಲ್ಲಿತ್ತು.

ಅರ್ಧ ಮೀಸೆಯಲ್ಲೇ ಅವರ ಬಾಗಿಲಿಗೆ ಹೋದೆ. ನೇಕಾರರು ಮಗ್ಗದ ಕುಣಿಯಲ್ಲಿ ಕುಳಿತೇ ನನ್ನನ್ನು ಮೇಲೆ ಕೆಳಗೆ ನೋಡಿದರು.

“ನೂಲು ಹರದಿತ್ರಿ ಮಾಸ್ತರ್ರ. ಗಂಟ ಹಾಕಿ ಮತ್ತ ಸುರು ಮಾಡಿದೆ.”

“ನಿಮ್ಮ ನೂಲಿಗೆ ಗಂಟ ಹಾಕಿದ್ರಿ. ನನ್ನ ಮೀಸಿಗೆ ಏನ ಹಾಕ್ತೀರಿ?”

ಅವರು ಕೆಲಸ ನಿಲ್ಲಿಸಿ, ಕಣ್ಣು ಸಣ್ಣದು ಮಾಡಿ, ಹೊಸ ಸೀರೆಯನ್ನು ನೋಡುವಂತೆ ನನ್ನ ಮುಖ ನೋಡಿದರು. “ಆ ಕಡೇದೂ ತಗದ ಬಿಡ್ರಿ. ಅಂಚು ಎರಡೂ ಕಡೆ ಒಂದ ನಮೂನಿ ಇರಬೇಕ್ರಿ” ಎಂದು ಹೇಳಿ ಮತ್ತೆ ಲಾಳಿ ಎಸೆದರು.

೩. ಧೈರ್ಯ: ಹತ್ತಕ್ಕೆ ಹತ್ತು

ಇಲ್ಲಿ ನಾನು ಬರೆದದ್ದು: ‘ಮುಶಿಗೇರಿಯಲ್ಲಿ ಸೂಜಿ ಡಾಕ್ಟರರು ಬಂದಾಗ, ಎಲ್ಲರಿಗಿಂತ ಮೊದಲು ತೋಳು ಚಾಚಿದವನು ನಾನು.’

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆ ವರ್ಷ ಹತ್ತಿರದ ಊರುಗಳಲ್ಲಿ ಅಂಟುಬೇನೆ ಹಬ್ಬಿತ್ತು. ರೋಣದ ದವಾಖಾನೆಯಿಂದ ಡಾಕ್ಟರರು ಸೂಜಿ ಹಾಕಲು ಸಾಲೆಗೇ ಬಂದರು. ಮಕ್ಕಳೆಲ್ಲ ಒಂದು ಮೂಲೆಯಲ್ಲಿ ಕುರಿಮರಿಗಳ ಹಾಗೆ ಒತ್ತಿಕೊಂಡು ನಿಂತರು. ಅವರ ಹಿಂದೆ, ಹೆಡ್ ಮಾಸ್ತರರು ಕುರ್ಚಿಯನ್ನು ಅಡ್ಡ ಇಟ್ಟುಕೊಂಡು ನಿಂತರು. ಧೈರ್ಯ ತೋರಿಸುವವರು ಯಾರಾದರೂ ಬೇಕಿತ್ತು. ನಾನು ಮುಂದೆ ಬಂದು ಅಂಗಿಯ ತೋಳು ಮಡಚಿದೆ.

“ನೋಡ್ರಿ ಮಕ್ಕಳಽ, ಎಲ್ಲಾರೂ ನನ್ನ ಮಾರಿ ನೋಡ್ರಿ” ಎಂದೆ. ಮಕ್ಕಳ ಕಡೆಗೆ ಮುಖ ಮಾಡಿ ಕಣ್ಣು ಮುಚ್ಚಿದೆ. ತೋಳಿನ ಮೇಲೆ ತಣ್ಣಗೆ ಏನೋ ತಾಗಿತು. “ಆತು! ನೋಡಿದ್ರಿಲ್ಲೋ? ಇರುವಿ ಕಡದಷ್ಟೂ ಆಗಲಿಲ್ಲ. ಇಷ್ಟಕ್ಕ ಯಾಕ ಹೆದರ್ತೀರಿ? ನನಗ ಗೊತ್ತ ಆಗಲಿಲ್ಲ, ಇನ್ನೊಂದ ಹಾಕಿದ್ರೂ ಹಾಕಿಸಿಕೋತೇನಿ!” ಎಂದು ಸಣ್ಣದೊಂದು ಭಾಷಣವನ್ನೇ ಮಾಡಿದೆ. ಮಕ್ಕಳ ಮುಖ ಅರಳುತ್ತಿರುವುದು ಕಣ್ಣು ಮುಚ್ಚಿದ್ದರೂ ನನಗೆ ಗೊತ್ತಾಗುತ್ತಿತ್ತು.

ಡಾಕ್ಟರರು ನನ್ನ ಕಿವಿಯ ಹತ್ತಿರ ಬಂದು, “ಮಾಸ್ತರ್ರ, ನಾ ಇನ್ನೂ ಅರಿವಿಲೆ ಒರಸಾಕತ್ತೇನ್ರಿ. ಸೂಜಿ ಇನ್ನ ಮ್ಯಾಲ ಐತಿ” ಎಂದರು.

ಆಮೇಲೆ ಹಾಕಿದರು. ನಾನು “ಯವ್ವಾ!” ಎಂದೆನಂತೆ. ನನಗೆ ನೆನಪಿಲ್ಲ. ನಾನು ಕಣ್ಣು ತೆರೆದಾಗ ಸಾಲೆಯಲ್ಲಿ ಮೂವರೇ ಇದ್ದೆವು: ಡಾಕ್ಟರರು, ನಾನು, ಕುರ್ಚಿ. ಮಕ್ಕಳು ಕಿಟಕಿ ಹಾರಿ ಜೋಳದ ಹೊಲ ಸೇರಿದ್ದರು. ಅವರನ್ನು ಹುಡುಕಿ ತರಲು ಮಧ್ಯಾಹ್ನವಾಯಿತು. ಹೆಡ್ ಮಾಸ್ತರರನ್ನು ಹುಡುಕಲು ಸಂಜೆಯಾಯಿತು.

೪. ನೆನಪು: ಹತ್ತಕ್ಕೆ ಹತ್ತು

ನಾನು ಕಲಿಸಿದ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ನಾನು ಮರೆತವನಲ್ಲ. ಹೆಸರಲ್ಲ, ನಂಬರು. ಹಾಜರಿ ಪುಸ್ತಕದಲ್ಲಿ ಯಾರ ನಂಬರು ಎಷ್ಟು ಎಂಬುದು ಇಪ್ಪತ್ತು ವರ್ಷವಾದರೂ ನನ್ನ ತಲೆಯಲ್ಲಿ ಕೆತ್ತಿದ ಹಾಗೆ ಇರುತ್ತದೆ. ಉದಾಹರಣೆಗೆ ‘ಇಟಗಿಯ ಮದುವೆ’ ಎಂದು ಶುರುಮಾಡಿ ನಾಲ್ಕು ಸಾಲು ಬರೆದೆ. ಹಾಳೆಯಲ್ಲಿ ಜಾಗ ಸಾಲಲಿಲ್ಲ, ಇಲ್ಲಿ ಪೂರ್ತಿ ಹೇಳುತ್ತೇನೆ.

ಇಟಗಿಯಲ್ಲಿ ಪರಿಚಯದವರ ಮಗಳ ಮದುವೆ. ಹಂದರದ ಕೊನೆಯಲ್ಲಿ ಕುಳಿತಿದ್ದೆ. ಮದುಮಗನ ಮುಖ ಬಾಸಿಂಗದಲ್ಲಿ ಮುಚ್ಚಿತ್ತು. ಆದರೆ ಅವನು ಕುಳಿತ ಭಂಗಿ, ಒಂದು ಭುಜ ಮೇಲೆ ಒಂದು ಕೆಳಗೆ, ನನಗೆ ಗುರುತಿನದು. ಹತ್ತು ವರ್ಷದ ಹಿಂದೆ ಮೂರನೆಯ ಇಯತ್ತೆಯಲ್ಲಿ ಕಂಬಕ್ಕೆ ಒರಗಿ ಕೂಡುತ್ತಿದ್ದವನು. ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳದೆ ಇರಲಾಗಲಿಲ್ಲ. ಭಟ್ಟರು ಮಂತ್ರ ನಿಲ್ಲಿಸಿ ಉಸಿರು ತೆಗೆದುಕೊಂಡ ಸಂದಿನಲ್ಲಿ, ಸಾಲೆಯ ದನಿಯಲ್ಲಿ ಒಂದೇ ಮಾತು ಹೇಳಿದೆ: “ಹದಿನೇಳು!”

ಮದುಮಗ ಸೆಟೆದು ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡು “ಹಾಜರ್ರಿ!” ಎಂದ.

ಅವನ ಕೈಯಲ್ಲಿದ್ದ ಅಕ್ಷತೆ ನೆಲಕ್ಕೆ ಬಿತ್ತು. ಭಟ್ಟರು ಮಂತ್ರ ಎಲ್ಲಿಗೆ ಬಂದಿತ್ತೆಂಬುದನ್ನು ಮರೆತು ಮೊದಲಿನಿಂದ ಶುರುಮಾಡಿದರು. ಮದುಮಗನ ಅಪ್ಪ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಆದರೆ ನನ್ನ ನೆನಪಿನಿಂದ ಆ ಮನೆಗೆ ಉಪಕಾರವೇ ಆಯಿತು. ಸಂಜೆ ಮದುಮಕ್ಕಳು ಮನೆಯೊಳಗೆ ಬರುವಾಗ, ಪದ್ಧತಿಯ ಪ್ರಕಾರ ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಅಡ್ಡ ನಿಂತು, “ಗಂಡನ ಹೆಸರ ಹೇಳಿ ಒಳಗ ಬಾ” ಎಂದರು. ಹುಡುಗಿ ನಾಚಿ ತಲೆ ಬಗ್ಗಿಸಿದಳು. ಅರ್ಧ ತಾಸು ಕಾದರು. ಬಾಯಿ ಬಿಡಲಿಲ್ಲ. ಕೊನೆಗೆ ಕಾಲು ನೋವಾಗಿ, ತಲೆ ಎತ್ತದೆಯೇ “ಹದಿನೇಳು” ಎಂದುಬಿಟ್ಟಳು. ಒಳಗೆ ಬಿಟ್ಟರು. ಗಂಡನ ಹೆಸರು ಎತ್ತಬಾರದಲ್ಲ, ಆ ಹುಡುಗಿಗೆ ಇದರಷ್ಟು ಅನುಕೂಲದ್ದು ಬೇರೊಂದಿಲ್ಲ. ಇವತ್ತಿಗೂ ಯಾರಾದರೂ ಮನೆಗೆ ಹೋಗಿ ಕೇಳಿದರೆ, “ಹದಿನೇಳು ಹೊಲಕ್ಕ ಹೋಗ್ಯಾರ್ರಿ” ಎನ್ನುತ್ತಾಳೆ.

೫. ವಿನಯ: ಹತ್ತಕ್ಕೆ ನಾಲ್ಕು

ಉಳಿದ ಬಾಬುಗಳಿಗೂ ಹತ್ತು ಹತ್ತು ಹಾಕುತ್ತ ಹೋದೆ. ಸತ್ಯಕ್ಕೆ ಹತ್ತಕ್ಕಿಂತ ಕಡಿಮೆ ಹಾಕುವುದು ಸುಳ್ಳು ಹೇಳಿದಂತೆಯೇ ಆಗುತ್ತಿತ್ತು. ಕೊನೆಯ ಬಾಬು ವಿನಯ. ಅಲ್ಲಿ ಮಾತ್ರ ಕೈ ತಡೆಯಿತು. ನನ್ನಷ್ಟು ವಿನಯ ಇದ್ದವನು ತನಗೆ ತಾನೇ ಹತ್ತು ಹಾಕಿಕೊಳ್ಳುವುದು ಶೋಭಿಸುವುದಿಲ್ಲ. ನಾಲ್ಕು ಹಾಕಿ, ‘ಕಾರಣ ಹೇಳಲು ವಿನಯ ಬಿಡುತ್ತಿಲ್ಲ’ ಎಂದು ಬರೆದೆ. ಹೀಗೆ ತೊಂಬತ್ನಾಲ್ಕಾಯಿತು.

ಶಾಯಿ ಹಸಿಯಿತ್ತು. ಹಾಳೆಯನ್ನು ಒಣಗಲು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದೆ. ರೊಟ್ಟಿ, ಝುಣಕ ಮುಗಿಸಿ ಬಂದು ನೋಡುತ್ತೇನೆ, ಮೇಜಿನ ಸುತ್ತ ಜನವೋ ಜನ. ರೋಣದ ಹಿರಿಯ ಮಾಸ್ತರರು ಕನ್ನಡಕ ಏರಿಸಿಕೊಂಡು ನನ್ನ ಹಾಳೆಯ ಮೇಲೆ ಬಗ್ಗಿದ್ದಾರೆ. ನನ್ನನ್ನು ಕಂಡು ಎಲ್ಲರೂ ಸರಿದು ನಿಂತರು.

“ಅಕ್ಷರ ಮುತ್ತಿನಂಗ ಅದಾವ ನೋಡ್ರಿ” ಎಂದರು ಹಿರಿಯರು.

“ಭಾಳ ಚಲೋ ಬರದೀರಿ” ಎಂದರು ಅಕ್ಕೋರು.

ಇಷ್ಟು ಮಂದಿ ವಿದ್ಯಾವಂತರು ಊಟ ಬಿಟ್ಟು ನನ್ನ ಅಕ್ಷರ ನೋಡಲು ನಿಂತಿದ್ದಾರಲ್ಲ ಎಂದು ಎದೆ ತುಂಬಿ ಬಂತು. ಇನ್ನೂ ನೋಡಲಿ ಎಂದು ಹಾಳೆಯನ್ನು ಅಲ್ಲೇ ಬಿಟ್ಟು, ಎಲೆ ಅಡಿಕೆ ಹಾಕಿಕೊಂಡು ಒಂದು ಸುತ್ತು ತಿರುಗಿ ಬಂದೆ.

೬. ಮನೆಯ ಹಾಳೆ

ರವಿವಾರ ಸೂಟಿ ಕೊಟ್ಟರು. ಹೊರಡುವ ಮೊದಲು ಮೈಸೂರಿನವರು ಇನ್ನೊಂದು ಖಾಲಿ ಹಾಳೆ ಕೊಟ್ಟರು. “ಮನೆಯಲ್ಲಿ ಬರೆಯೋಕೆ ಬರೋರು ಇದ್ದರೆ ಅವರ ಕೈಲಿ ನಿಮಗೆ ಮಾರ್ಕು ಹಾಕಿಸಿಕೊಂಡು ಬನ್ನಿ. ಎರಡೂ ಹಾಳೆ ಎಷ್ಟು ಹತ್ತಿರ ಬರುತ್ತೋ ಅಷ್ಟು ನಿಮ್ಮನ್ನ ನೀವು ಬಲ್ಲಿರಿ ಅಂತ ಅರ್ಥ.” ಹೆಚ್ಚಿನವರು ಮನೆಯಲ್ಲಿ ಬರೆಯಬಲ್ಲವರಿಲ್ಲ ಎಂದು ಹೇಳಿ ಪಾರಾದರು. ನನಗೆ ಪಾರಾಗುವ ಗರಜೇ ಇರಲಿಲ್ಲ. ನನ್ನ ಹೆಂಡತಿ ನಾಲ್ಕನೆಯ ಇಯತ್ತೆ ಕಲಿತವಳು. ಹದಿನಾಲ್ಕು ವರ್ಷ ಸಂಸಾರ ಮಾಡಿದ್ದಾಳೆ. ಅವಳಿಗಿಂತ ನನ್ನನ್ನು ಬಲ್ಲವರು ಯಾರು?

ಮನೆಗೆ ಬಂದು ಹಾಳೆ ಕೊಟ್ಟು, “ಸಂಕೋಚ ಮಾಡಬ್ಯಾಡ. ಖರೇ ಏನೈತಿ ಅದನ್ನ ಬರಿ” ಎಂದೆ.

“ಖರೇ ಬರೀಲೇನ್ರಿ?”

“ಖರೇನ ಬರಿ.”

ಅವಳು ಮಗಳ ಪೆನ್ಸಿಲ್ ತೆಗೆದುಕೊಂಡು ಒಲೆಯ ಮುಂದೆ ಕುಳಿತಳು. ಒಂದೇ ಹಾಳೆ. ನೀರು ಕಾಯ್ದು, ಬೇಳೆ ಬೆಂದು, ಪಲ್ಯ ಆಗುವವರೆಗೂ ಬರೆದಳು. ಪೆನ್ಸಿಲ್ ಎರಡು ಸಲ ಚೂಪು ಮಾಡಿದಳು. ಹಿಂದಿನ ಮಗ್ಗುಲೂ ತುಂಬಿಸಿದಳು. ನಡುನಡುವೆ ಒಬ್ಬಳೇ ನಗುತ್ತಿದ್ದಳು. ನನ್ನ ಮೇಲೆ ಇಷ್ಟೊಂದು ಬರೆಯುವ ಪ್ರೀತಿ ಇದೆಯಲ್ಲ ಎಂದು ನಾನು ಜಗಲಿಯ ಮೇಲೆ ಕುಳಿತು ಹಿಗ್ಗುತ್ತಿದ್ದೆ.

ಮಡಚಿ ಕೈಗೆ ಕೊಟ್ಟಳು. ತೆರೆದು ನೋಡಿದೆ. ನೂರಕ್ಕೆ ಮೂವತ್ತೊಂಬತ್ತು.

“ಇದೇನ ಇದು? ಕೂಡಿಸೂದು ತಪ್ಪೇತಿ.”

“ಮೂರ ಸಲ ಕೂಡಿಸೇನ್ರಿ. ಮೊದಲ ಮೂವತ್ತೇಳ ಬಂದಿತ್ತು. ಹಬ್ಬಕ್ಕ ತವರಿಗೆ ಕಳಿಸಿದ್ರಲ್ಲ, ಅದಕ್ಕ ಎರಡ ಹೆಚ್ಚಿಗಿ ಹಾಕಿದೆ.”

ತೊಂಬತ್ನಾಲ್ಕೆಲ್ಲಿ, ಮೂವತ್ತೊಂಬತ್ತೆಲ್ಲಿ! ಡೆಪ್ಯುಟಿ ಸಾಹೇಬರು ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ತನ್ನನ್ನೇ ತಾನು ಅರಿಯದವನು ಸಾಲೆ ಏನು ನಡೆಸಿಯಾನು ಎಂದಾರು. ಮುಶಿಗೇರಿಯ ಕುರ್ಚಿ ಕಣ್ಣ ಮುಂದೆ ಹಿಂದಕ್ಕೆ ಸರಿಯಿತು. ನಿಜವಾಗಿಯೂ ದುಃಖವಾಯಿತು. ಹೆಂಡತಿ ಅದೇ ಹಾಳೆಯನ್ನು ರೊಟ್ಟಿಯ ಗಂಟಿನ ಜೊತೆ ನನ್ನ ಚೀಲದಲ್ಲಿಟ್ಟು, “ಮರೀಬ್ಯಾಡ್ರಿ ಮತ್ತ” ಎಂದಳು.

ಸೋಮವಾರ ಮೈಸೂರಿನವರು ಕೈ ಚಾಚಿದಾಗ ನಾನು ಹೇಳಿದೆ: “ಮನಿ ಹಾಳಿ ಮರತ ಬಂದೇನ್ರಿ.” ಆ ಒಂದೇ ಮಾತಿನಲ್ಲಿ ನೆನಪಿನ ಹತ್ತೂ ಹೋದವು, ಸತ್ಯದ ಹತ್ತೂ ಹೋದವು. ಆದರೆ ಅದನ್ನು ಬಲ್ಲವನು ನಾನೊಬ್ಬನೇ ಆದ್ದರಿಂದ ಮಾರ್ಕು ಕಳೆಯಲಿಲ್ಲ.

೭. ಮೂಲ ಯಾರು?

ಕೊನೆಯ ದಿನ ರೋಣದಿಂದ ಡೆಪ್ಯುಟಿ ಸಾಹೇಬರೇ ಬಂದರು. ಕೋಟು, ರುಮಾಲು, ಕೈಯಲ್ಲಿ ನಮ್ಮ ಹಾಳೆಗಳ ಕಟ್ಟು. ಕುಳಿತವರೆಲ್ಲ ಎದ್ದು ನಿಂತೆವು. ಅವರು ಕೂಡಿರಿ ಎನ್ನಲಿಲ್ಲ.

“ನಲವತ್ತೆರಡು ಹಾಳಿ ಓದೇನಿ. ಮೂವತ್ತೊಂದು ಮಂದಿಗೆ ನೂರಕ್ಕ ತೊಂಬತ್ನಾಕು. ಮೂವತ್ತೊಂದು ಮಂದಿಗೂ ವಿನಯದಾಗ ನಾಕ ಮಾರ್ಕು. ಅದಕ್ಕ ಕಾರಣ ಹೇಳಾಕ ಮೂವತ್ತೊಂದು ಮಂದಿಗೂ ವಿನಯ ಬಿಡವಲ್ದು.”

ಅಕ್ಷರ ನೋಡಲು ನಿಂತಿದ್ದವರೆಲ್ಲ ಏನು ನೋಡುತ್ತಿದ್ದರೆಂಬುದು ನನಗೆ ಆಗ ಹೊಳೆಯಿತು.

ಸಾಹೇಬರು ಮುಂದುವರಿಸಿದರು. “ಮೂವತ್ತೊಂದು ಮಂದೀನೂ ಮುಶಿಗೇರ್ಯಾಗ ಎಲ್ಲಾರಿಗಿಂತ ಮೊದಲ ಸೂಜಿ ಮಾಡಿಸ್ಕೊಂಡಾರ. ಡಾಕ್ಟರ್‌ಗ ಹುಚ್ಚ ಹಿಡೀಲಿಲ್ಲೇನು? ಮೂವತ್ತೊಂದು ಮಂದೀನೂ ಇಟಗಿ ಮದವ್ಯಾಗ ‘ಹದಿನೇಳು’ ಅಂತ ಒದರ್ಯಾರ. ಆ ಮದುಮಗ ಕುಂತದ್ದು ಯಾವಾಗ, ತಾಳಿ ಕಟ್ಟಿದ್ದು ಯಾವಾಗ?”

ಸಾಹೇಬರು ಕಟ್ಟಿನಿಂದ ಒಂದು ಹಾಳೆ ಎಳೆದು, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದರು: “‘ದಿನಾಲು ಮುಂಜಾನೆ ಗಡ್ಡ ಬೋಳಿಸಿಕೊಳ್ಳುವಾಗ ಎಷ್ಟೇ ಅಡಚಣೆ ಬಂದರೂ ನಾನು ತಾಳ್ಮೆ ಕಳೆದುಕೊಳ್ಳುವುದಿಲ್ಲ.’ ಅಕ್ಕೋರಽ, ಈ ಸಹಿ ನಿಮ್ದೇನ್ರಿ?”

ಅಕ್ಕೋರು ಸೆರಗನ್ನು ಬಾಯಿಗೆ ಒತ್ತಿಕೊಂಡರು. “ನನ್ನ ಪಾಳಿ ಬಂದಾಗ ಘಂಟಿ ಹೊಡೀತ್ರಿ ಸಾಹೇಬರ. ಓದಾಕ ಯಾಳ್ಯಾ ಸಿಗಲಿಲ್ಲ, ಬರದ ಕೊಟ್ಟೆ.”

ಅಷ್ಟಾದರೂ ಸಾಹೇಬರು ನಗಲಿಲ್ಲ. “ಇದು ಯಾರೋ ಒಬ್ಬರ ಸ್ವಭಾವ. ಉಳಿದದ್ದೆಲ್ಲ ನಕಲು. ಆ ಒಬ್ಬರು ಯಾರಂತ ಗೊತ್ತಾಗಲಿಲ್ಲಂದ್ರ ಮೂವತ್ತೊಂದು ಮಂದೀನೂ ಹೆಡ್ ಮಾಸ್ತರ ಜಾಗಾದ ಪಟ್ಟಿಯಿಂದ ಹೊರಗ. ಮೂಲ ಯಾರು?”

ಏಳು ಮಂದಿ ಕೈ ಎತ್ತಿದರು. ನಾನು ಎಂಟನೆಯವನು.

ರೋಣದ ಹಿರಿಯ ಮಾಸ್ತರರು ನನಗಿಂತ ಮೊದಲೇ ಎತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನುಷ್ಯನ ಅಕ್ಷರ ಕದಿಯಬಹುದು, ಲೆಕ್ಕ ಕದಿಯಬಹುದು. ಕಷ್ಟಪಟ್ಟು ಬೆಳೆಸಿಕೊಂಡ ಸ್ವಭಾವವನ್ನೇ ಕದಿಯುವುದೆಂದರೇನು? ಆ ಮಗ್ಗದ ಗೋಡೆಯ ಮುಂದೆ ಆರು ವರ್ಷ ನಿಂತವನು ನಾನು. ಮೀಸೆ ಕೊಟ್ಟವನು ನಾನು.

“ಸಾಬೀತ ಮಾಡ್ರಿ” ಎಂದರು ಸಾಹೇಬರು.

ಸಾಬೀತು ನನ್ನ ಚೀಲದಲ್ಲಿತ್ತು. ತೆಗೆದರೆ ಮಾನ ಹೋಗುತ್ತದೆ, ತೆಗೆಯದಿದ್ದರೆ ಕುರ್ಚಿಯ ಜೊತೆಗೆ ನನ್ನ ಸ್ವಭಾವವೂ ಹೋಗುತ್ತದೆ. ಕೊನೆಗೆ ರೊಟ್ಟಿಯ ಬಟ್ಟೆ ಬಿಚ್ಚಿ, ಎಣ್ಣೆ ಹತ್ತಿದ ಹಾಳೆಯನ್ನು ಹೊರಗೆ ತೆಗೆದೆ.

“ಇದು ಮನಿ ಹಾಳಿ ಸಾಹೇಬರ. ಮರತ ಬಂದೇನಂತ ಸುಳ್ಳ ಹೇಳಿದ್ದೆ. ನನ್ನ ಹೆಂಡ್ತಿ ಬರದಾಳ.”

“ಓದ್ರಿ.”

ನಲವತ್ತೊಂದು ಮಂದಿಯ ಮುಂದೆ ನಿಂತು ಓದಿದೆ.

“ತಾಳ್ಮೆ: ಎರಡು. ಮೀಸೆ ಹೋದ ದಿನ ಸಿಟ್ಟಿನಲ್ಲಿ ಕನ್ನಡಿ ಒಡೆದರು. ಅದು ನನ್ನ ತವರಿನ ಕನ್ನಡಿ. ಧೈರ್ಯ: ಒಂದು. ಸೂಜಿ ಮಾಡಿಸಿಕೊಂಡು ಬಂದು ಮೂರು ದಿನ ತೋಳು ಜೋಲಿ ಕಟ್ಟಿಕೊಂಡು ಮಲಗಿದರು. ಸೂಜಿ ಹಾಕಿದ್ದು ಎಡಗೈಗೆ, ಜೋಲಿ ಕಟ್ಟಿದ್ದು ಬಲಗೈಗೆ. ನೆನಪು: ಮೂರು. ಊರ ಮಕ್ಕಳ ನಂಬರೆಲ್ಲ ನೆನಪಿದೆ. ಸ್ವಂತ ಮಗಳು ಯಾವ ಇಯತ್ತೆ ಎಂದು ಕೇಳಿ ನೋಡಿರಿ.”

ಸಾಹೇಬರು ಕೇಳಿಯೇ ಬಿಟ್ಟರು. “ಯಾವ ಇಯತ್ತೆ?”

“ಎರಡು…” ಎಂದೆ. ಹಾಳೆ ತಿರುಗಿಸಿ ನೋಡಿದೆ. ‘ಎರಡು ಎನ್ನುತ್ತಾರೆ. ನಾಲ್ಕು’ ಎಂದು ಅಲ್ಲೇ ಬರೆದಿದ್ದಳು.

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೈಸೂರಿನವರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಸಾಹೇಬರ ರುಮಾಲು ಒಂದು ಕಡೆ ವಾಲಿತ್ತು. ನಾನು ಕೊನೆಯ ಸಾಲಿನವರೆಗೂ ಓದಿಯೇ ನಿಲ್ಲಿಸಿದೆ: “ವಿನಯ: ಹತ್ತಕ್ಕೆ ಹತ್ತು. ನಾನು ಏನು ಅಂದರೂ ತಲೆ ತಗ್ಗಿಸಿ ಕೇಳುತ್ತಾರೆ. ಒಟ್ಟು ಮೂವತ್ತೊಂಬತ್ತು.”

ಸಾಹೇಬರು ಉಳಿದ ಏಳು ಮಂದಿಯ ಕಡೆ ತಿರುಗಿದರು. “ಈ ಹಾಳಿ ಯಾರದ್ರೀ? ಕೈ ಎತ್ರಿ.” ಒಂದು ಕೈಯೂ ಏಳಲಿಲ್ಲ. ರೋಣದ ಹಿರಿಯರು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

“ತೊಂಬತ್ನಾಕು ತಗೊಳ್ಳಾಕ ಮೂವತ್ತೊಂದು ಮಂದಿ ಅದೀರಿ” ಎಂದರು ಸಾಹೇಬರು. “ಮೂವತ್ತೊಂಬತ್ತನ್ನ ಎಲ್ಲಾರ ಮುಂದ ನಿಂತು ಓದಾಕ ಒಬ್ಬರ. ಮುಶಿಗೇರಿ ಕುರ್ಚಿ ಇವರಿಗೆ.”

ಊರಿಗೆ ಬರುವಾಗ ಬಸ್ಸಿನಲ್ಲಿ ನಾನು ಕುಳಿತುಕೊಳ್ಳಲಿಲ್ಲ. ಜಾಗವಿತ್ತು; ಹಿಗ್ಗಿಗೆ ಕೂಡಲಾಗಲಿಲ್ಲ. ಕುರ್ಚಿಯಂತೂ ಸಿಕ್ಕಿತು. ಅದಕ್ಕಿಂತ ದೊಡ್ಡ ಹಿಗ್ಗು ಬೇರೆ ಇತ್ತು: ಇಡೀ ತಾಲೂಕಿನ ಕಲಿತ ಮಂದಿ ತಮಗೊಂದು ಸ್ವಭಾವ ಬೇಕಾದಾಗ, ತಮ್ಮದನ್ನು ಬಿಟ್ಟು ನನ್ನದನ್ನು ಆರಿಸಿಕೊಂಡಿದ್ದರು. ಇಂಥ ಮಾನ ಯಾವ ಮಾಸ್ತರನಿಗೆ ಸಿಕ್ಕಿದೆ?

ಮನೆಗೆ ಬಂದು ಚೀಲ ಇಡುವ ಮೊದಲೇ ಹೆಂಡತಿಗೆ ಹೇಳಿದೆ. “ನೀ ನನಗ ಮೂವತ್ತೊಂಬತ್ತ ಹಾಕಿದಿ. ಹೊರಗ ಬಂದು ನೋಡು. ಎಂಟ ದಿನದ ಹಿಂದ ನನ್ನ ಸ್ವಭಾವ ಈ ಒಂದ ಮನ್ಯಾಗ ಇತ್ತು. ಈಗ ಇನ್ನೂ ಮೂವತ್ತ ಮನ್ಯಾಗ ಐತಿ!”

ಅವಳ ಕೈಯಲ್ಲಿದ್ದ ನೀರಿನ ಚರಿಗೆ ಅಲ್ಲೇ ನಿಂತಿತು. ಮುಖದಲ್ಲಿ ನಿಜವಾದ ಗಾಬರಿ ಕಂಡಿತು.

“ಅಯ್ಯ ಶಿವನ! ಎಂಟ ದಿನದಾಗ ಮೂವತ್ತ ಮನಿಗೆ ಹಬ್ಬಿತೇನ್ರಿ?” ಎಂದಳು. “ಹಂಗಾರ ಆ ಸೂಜಿ ಡಾಕ್ಟರನ್ನ ಲಗೂ ಕಳಸ್ರಿ ಅಂತ ಸಾಹೇಬ್ರಿಗೆ ಹೇಳ್ರಿ.”